ಪ್ಲೇಟಿನ ಇಂಗ್ಲಿಷು, ಪರದೆಯ ಇಂಗ್ಲಿಷು

ಮೊನ್ನೆ ಸಂಜೆ ನನ್ನ ಮೊಮ್ಮಗಳು ಜಗಲಿಯಲ್ಲಿ ಕುಳಿತು ಒಂದೇ ಇಂಗ್ಲಿಷ್ ವಾಕ್ಯವನ್ನು ಇಪ್ಪತ್ತು ಸಲ ಹೇಳುತ್ತಿದ್ದಳು. ಕೈಯಲ್ಲಿ ಮೊಬೈಲು, ಅದರ ಪರದೆಯ ಮೇಲೆ ಯಾರೋ ಇಂಗ್ಲೆಂಡಿನ ಮೇಷ್ಟರು. ಅವರು ತುಟಿ ತೆರೆದಂತೆ ಇವಳೂ ತೆರೆಯುವಳು. ಮಾತಿನ ವೇಗ ಹೆಚ್ಚೆನಿಸಿದರೆ ಬೆರಳು ಮುಟ್ಟಿಸಿ ಮೇಷ್ಟರನ್ನೇ ನಿಧಾನ ಮಾಡುವಳು.

“ಏಕಮ್ಮ ಇಷ್ಟು ತಪಸ್ಸು?” ಎಂದೆ.

“ಶಾಲೆಯಲ್ಲಿ ನನ್ನ ಇಂಗ್ಲಿಷಿಗೆ ನಗುತ್ತಾರೆ, ತಾತ” ಎಂದಳು.

ದೂರದ ದನಿಯಿಂದ ಭಾಷೆ ಕಲಿಯುವ ಹಂಬಲ ಮೊಬೈಲಿನೊಡನೆ ಹುಟ್ಟಿದ್ದಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ. 1901ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲಿಂಗ್ವಾಫೋನ್ ಸಂಸ್ಥೆ, ಭಾಷಾಪಾಠಗಳನ್ನು ಮೊದಲು ಮೇಣದ ಉರುಳೆಗಳಲ್ಲಿ, ಆಮೇಲೆ ಗ್ರಾಮಫೋನ್ ಪ್ಲೇಟುಗಳಲ್ಲಿ ತುಂಬಿ ಮಾರಿತು. 1943ರಲ್ಲಿ ಬಿಬಿಸಿ ರೇಡಿಯೋ ಮೂಲಕ ಇಂಗ್ಲಿಷ್ ಕಲಿಸತೊಡಗಿತು. ರೇಡಿಯೋ ಪಾಠ ಬಲುದೂರ ಮುಟ್ಟಿತು. ಆದರೆ ತಪ್ಪಿದ ಮಾತು ತಪ್ಪಿಯೇ ಹೋಯಿತು. ಪ್ಲೇಟನ್ನು ಮತ್ತೆ ಮತ್ತೆ ಹಾಕಬಹುದಿತ್ತು. ಆದರೆ ಅದಕ್ಕೆ ಹಣ ಬೇಕು, ಮೇಲಾಗಿ ಆಡುವವರ ಬಾಯಿ ಕಾಣದು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಈ ಕೊರತೆಗಳು ಬಹುಮಟ್ಟಿಗೆ ನೀಗಿದವು.

ಈ ಚರಿತ್ರೆಯಲ್ಲಿ ನನಗೆ ಬಲು ಪ್ರಿಯವಾದ ಘಟನೆ 1927ರದು. ಹೂ ಮಾರುವ ಹುಡುಗಿಗೆ ಉಚ್ಚಾರಣೆ ಕಲಿಸಿದ ಕಥೆಯನ್ನು ‘ಪಿಗ್ಮೇಲಿಯನ್’ ನಾಟಕವಾಗಿ ಬರೆದ ಬರ್ನಾರ್ಡ್ ಷಾ ಮಹಾಶಯರು ಆ ವರ್ಷ ಲಿಂಗ್ವಾಫೋನಿಗಾಗಿ ಒಂದು ಭಾಷಣ ಮಾಡಿದರು. ಯಂತ್ರದ ವೇಗ ತಪ್ಪಿದರೆ ನೀವು ಕೇಳುವುದು ನನ್ನ ದನಿಯೇ ಅಲ್ಲ ಎಂದು ಮೊದಲೇ ಎಚ್ಚರಿಸಿದರು. ಎಲ್ಲರೂ ಒಪ್ಪುವ ಒಂದೇ ಸರಿಯಾದ ಇಂಗ್ಲಿಷ್ ಎಂಬುದಿಲ್ಲವೆಂದರು. ಪರದೇಶದವನು ಅತಿ ಚೊಕ್ಕಟವಾಗಿ ಆಡಲು ಹೊರಡಬಾರದು, ಹರಕುಮುರುಕು ಇಂಗ್ಲಿಷೇ ಅವನ ಕೆಲಸ ನಡೆಸುತ್ತದೆಂದೂ ಬುದ್ಧಿ ಹೇಳಿದರು.

ಈ ಬುದ್ಧಿ ನನಗೆ ಎಳೆಯದರಲ್ಲಿ ದಕ್ಕಲಿಲ್ಲ. ನಾನು ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ. ಅರ್ಜಿಯನ್ನು ತಪ್ಪಿಲ್ಲದೆ ಬರೆದೆ. ಸಂದರ್ಶನದಲ್ಲಿ ಬಾಯಿ ಕಟ್ಟಿತು. ಕೆಲಸ ಸಿಗಲಿಲ್ಲ. ವ್ಯಾಕರಣ ಗೊತ್ತಿಲ್ಲದೆ ಅಲ್ಲ, ನಕ್ಕಾರೆಂಬ ಅಂಜಿಕೆಯಿಂದ.

ಮೊಬೈಲಿನ ಮೇಷ್ಟರು ನಗುವುದಿಲ್ಲ; ಅದು ಅವರ ದೊಡ್ಡ ಗುಣ. ಆದರೆ “ಏನಂದೆ, ಇನ್ನೊಮ್ಮೆ ಹೇಳು” ಎಂದು ಕೇಳುವುದೂ ಇಲ್ಲ. ಅದೇ ಅವರ ಕೊರತೆ. ಕಿವಿಗೆ ಅವರು ಸಾಕು. ನಾಲಗೆಗೆ ಎದುರಿಗೊಬ್ಬ ಮನುಷ್ಯ ಬೇಕು.

ಈಗ ಸಂಜೆ ಅರ್ಧ ಗಂಟೆ ಮೊಬೈಲನ್ನು ಮಗುಚಿಟ್ಟು ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡುತ್ತೇವೆ. ನನ್ನ ಉಚ್ಚಾರಣೆಗೆ ಅವಳು ನಗುತ್ತಾಳೆ, ಅವಳದಕ್ಕೆ ನಾನು. ಮಾತು ಮಾತ್ರ ನಿಂತಿಲ್ಲ.