ಮಾಟುಂಗದ ದೋಸೆ, ಮಾಣಿಯ ಚರಿತ್ರೆ

ಭಾನುವಾರ ಬೆಳಗ್ಗೆ ಮಾಟುಂಗದ ಕಿಂಗ್ಸ್ ಸರ್ಕಲ್ ಕಡೆಗೆ ಹೋದವರಿಗೆ ಕೆಫೆ ಮದ್ರಾಸಿನ ಮುಂದಿನ ಜನಸಂದಣಿ ಹೊಸತಲ್ಲ. ಹೆಸರು ಬರೆಸಿ ಫುಟ್‌ಪಾತಿನ ಮೇಲೆ ಕಾಯುತ್ತ ನಿಲ್ಲುವ ಆ ಜನರಲ್ಲಿ ಗುಜರಾತಿಗಳಿದ್ದಾರೆ, ಮರಾಠಿಗರಿದ್ದಾರೆ, ತಮಿಳರಿದ್ದಾರೆ; ದೂರದ ಉಪನಗರಗಳಿಂದ ಲೋಕಲ್ ಹಿಡಿದು ಬಂದ ನಮ್ಮಂಥ ಕನ್ನಡಿಗರೂ ಇದ್ದಾರೆ. ಕಾಯುವವರ ಮಾತು ಬೇಗನೆ ಹಳೆಯ ದಿನಗಳ ಕಡೆಗೆ ಹೊರಳುತ್ತದೆ. ಆಗಿನ ಸಾಂಬಾರು, ಆಗಿನ ಕಾಫಿ, ಆಗಿನ ಬೆಲೆ! ಈ ಹಂಬಲದಲ್ಲಿ ನಾವೂ ಪಾಲುದಾರರೇ. ಆದರೆ ನಮ್ಮ ನೆನಪೆಲ್ಲ ಮೇಜಿನ ಈಚೆ ಬದಿಯಲ್ಲಿ ಕುಳಿತು ತಿಂದವರ ನೆನಪು. ಆ ಮೇಜನ್ನು ಒರೆಸಿದ ಕೈಗಳಿಗೂ ಒಂದು ಚರಿತ್ರೆಯಿದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿದವರಲ್ಲ.

ಮಾಟುಂಗವೇ ಒಂದು ವಿಪತ್ತಿನ ಕೂಸು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ, ಉಸಿರುಗಟ್ಟುತ್ತಿದ್ದ ಊರನ್ನು ಉತ್ತರಕ್ಕೆ ಹರಡಬೇಕೆಂದು 1898ರಲ್ಲಿ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ದಾದರ್, ಮಾಟುಂಗ, ಸಯನ್ ಪ್ರದೇಶಗಳಲ್ಲಿ ಅಗಲ ರಸ್ತೆಗಳ ಹೊಸ ಬಡಾವಣೆಗಳನ್ನು ಯೋಜಿಸಿತು. ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಅಲ್ಲಿನ ಮನೆಗಳಿಗೆ ಬಂದವರಲ್ಲಿ ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿಗಳ ದಕ್ಷಿಣ ಭಾರತೀಯ ಗುಮಾಸ್ತರು ಬಹಳ. 1926ರಲ್ಲಿ ಮೈಸೂರು ಅಸೋಸಿಯೇಷನ್, 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾದವು. ಸುತ್ತಮುತ್ತ ಕಾಲೇಜುಗಳು ಎದ್ದವು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತನಿಗೂ ಕೋಣೆ ಹಿಡಿದ ವಿದ್ಯಾರ್ಥಿಗೂ ಎರಡು ಹೊತ್ತಿನ ಊಟ ಬೇಕಿತ್ತು. 1936ರಲ್ಲಿ ಮೈಸೂರು ಕೆಫೆ, 1939ರಲ್ಲಿ ರಾಮ ಆಶ್ರಯ, 1940ರಲ್ಲಿ ಗೋಪಾಲ ಕಾಮತರ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೀಗೆ ಆರೇಳು ವರ್ಷಗಳೊಳಗೆ ಒಂದರ ಹಿಂದೊಂದು ಬಾಗಿಲು ತೆರೆದವು.

ಹೆಸರುಗಳನ್ನು ಗಮನಿಸಬೇಕು. ಕರಾವಳಿಯಿಂದ ಬಂದ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು ತಮ್ಮ ಹೋಟೆಲಿನ ಮೇಲೆ ಮೈಸೂರೆಂದೂ ಮದ್ರಾಸೆಂದೂ ಬರೆಸಿದರು. ವಿಂಧ್ಯದ ದಕ್ಷಿಣಕ್ಕಿರುವವರೆಲ್ಲ ‘ಮದ್ರಾಸಿ’ಗಳೇ ಎಂದು ತಿಳಿದಿದ್ದ ಊರಿನಲ್ಲಿ ಗಿರಾಕಿಗೆ ಅರ್ಥವಾಗುವ ಹೆಸರು ಇಡುವುದು ವ್ಯಾಪಾರದ ಜಾಣತನವೇ ಸರಿ. ಇನ್ನು ‘ಉಡುಪಿ’ ಎಂಬ ಮಾತು ಊರಿನ ಹೆಸರಾಗಿ ಉಳಿಯದೆ ಒಂದು ಭರವಸೆಯಾಯಿತು. ಅದರ ಹಿಂದೆ ಕೃಷ್ಣಮಠದ ಅನ್ನದಾನದ ಪರಂಪರೆಯಿತ್ತು, ಅಷ್ಟಮಠಗಳ ಅಡಿಗೆಮನೆಯಲ್ಲಿ ಪಳಗಿದ ಕೈಗಳ ಕೀರ್ತಿಯಿತ್ತು, ಶುಚಿಯ ನಂಬಿಕೆಯಿತ್ತು. ಆ ಶುಚಿಯ ಕಲ್ಪನೆಯಲ್ಲಿ ಮಡಿ ಮೈಲಿಗೆಯೂ ಜಾತಿಯೂ ಬೆರೆತಿದ್ದವು ಎಂಬುದನ್ನು ಮರೆಮಾಚಬೇಕಿಲ್ಲ. ದಕ್ಷಿಣದ ಎಷ್ಟೋ ಊರುಗಳಲ್ಲಿ ‘ಬ್ರಾಹ್ಮಣರ ಹೋಟೆಲು’ ಎಂಬ ಬೋರ್ಡು ಸಾಮಾನ್ಯವಾಗಿದ್ದ ಕಾಲವದು. ಆದರೂ ಮುಂಬಯಿಯ ಇಕ್ಕಟ್ಟು ತನ್ನ ಪಾಠವನ್ನು ಕಲಿಸಿತು. ಖಾಲಿಯಿದ್ದ ಕುರ್ಚಿಯಲ್ಲಿ ಕುಳಿತು, ಎದುರಿಗಿರುವವನ ಕುಲ ಕೇಳದೆ, ಒಂದೇ ಮೇಜಿನ ಮೇಲೆ ಇಡ್ಲಿ ತಿಂದು ಏಳುವ ಅಭ್ಯಾಸ ಇಂಥ ಹೋಟೆಲುಗಳಲ್ಲಿ ಬೆಳೆಯಿತು.

ಇದೇ ಕಾಲದಲ್ಲಿ ಭೂಮಿಯ ಆಚೆ ಬದಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕೆಫೆ ಮದ್ರಾಸ್ ತೆರೆದ 1940ರಲ್ಲಿಯೇ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಉಪಾಹಾರ ಗೃಹವನ್ನು ತೆರೆದರು. 1948ರಲ್ಲಿ ಅವರು ಅದನ್ನು ಕೆಲಕಾಲ ಮುಚ್ಚಿ, ಹೊಸ ರೀತಿಯಲ್ಲಿ ಮತ್ತೆ ಪ್ರಾರಂಭಿಸಿದರು. ತಿಂಡಿಗಳ ಪಟ್ಟಿಯನ್ನು ಕೆಲವಕ್ಕೆ ಇಳಿಸಿದರು, ಕಾರಿನ ಬಳಿಗೆ ತಿಂಡಿ ಒಯ್ಯುತ್ತಿದ್ದ ಹುಡುಗಿಯರನ್ನು ಕೆಲಸದಿಂದ ಬಿಡಿಸಿದರು, ತಟ್ಟೆ ಲೋಟಗಳ ಬದಲು ಕಾಗದವನ್ನು ತಂದರು. ಹದಿನೈದು ಸೆಂಟಿಗೆ ಹ್ಯಾಂಬರ್ಗರ್ ದೊರೆಯತೊಡಗಿತು. ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಯಾರು ಬಂದು ನಿಂತರೂ ನಡೆಯುವಂತೆ ಮಾಡಿದ್ದು ಅವರ ಯಶಸ್ಸಿನ ಗುಟ್ಟು. ಅಲ್ಲಿ ಪಾತ್ರೆ ತೊಳೆಯುವವನೇ ಬೇಡವಾದ. ಮಾಟುಂಗದಲ್ಲಿ ಮಾತ್ರ ಪಾತ್ರೆ ತೊಳೆಯುವುದೇ ಮೊದಲ ಮೆಟ್ಟಿಲು.

ಆ ಮೆಟ್ಟಿಲುಗಳು ಮುಂಬಯಿ ಕನ್ನಡಿಗರಿಗೆ ಚಿರಪರಿಚಿತ. ಊರಿನಿಂದ ಬಂದ ಹುಡುಗ ಮೊದಲು ಕಪ್ಪುಬಸಿ ತೊಳೆಯುತ್ತಿದ್ದ. ಆಮೇಲೆ ಮೇಜು ಒರೆಸುವ ಕ್ಲೀನರ್, ಆಮೇಲೆ ಸಪ್ಲೈಯರ್. ಕೈಗುಣವಿದ್ದರೆ ದೋಸೆಯ ಕಾವಲಿಯ ಮುಂದೆ, ಲೆಕ್ಕ ಬಲ್ಲವನಾದರೆ ಗಲ್ಲಾದ ಬಳಿ. ಪುಣ್ಯವಿದ್ದರೆ ಯಾವುದೋ ಉಪನಗರದಲ್ಲಿ ಸ್ವಂತದ ಹೋಟೆಲು. ರಾಮ ನಾಯಕರೂ ಎಳೆವಯಸ್ಸಿನಲ್ಲಿ ಈ ನಗರಕ್ಕೆ ಬಂದು ಅಡಿಗೆಮನೆಗಳಲ್ಲಿ ದುಡಿದು ಮೇಲೆ ಬಂದವರು. ಆದರೆ ಕೊನೆಯ ಮೆಟ್ಟಿಲು ಹತ್ತಿದವರ ಹೆಸರನ್ನು ಚರಿತ್ರೆ ಬರೆದುಕೊಂಡಿದೆ. ನಡುವೆಯೇ ಉಳಿದವರು ಎಷ್ಟೋ ಮಂದಿ.

ನಮ್ಮ ಸೋದರಮಾವ ಅವರಲ್ಲಿ ಒಬ್ಬರು. 1962ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಜೊತೆ ಕುಂದಾಪುರದ ಕಡೆಯಿಂದ ಬಂದು ಒಂದು ಹೋಟೆಲಿಗೆ ಸೇರಿದವರು. ಹಗಲು ಗಿರಾಕಿಗಳು ಉಣ್ಣುತ್ತಿದ್ದ ಮೇಜುಗಳನ್ನೇ ರಾತ್ರಿ ಜೋಡಿಸಿಕೊಂಡು ಮಲಗುತ್ತಿದ್ದರಂತೆ. ಬೆಳಗಿನ ನಾಲ್ಕಕ್ಕೆ ಅರೆಯುವ ಕಲ್ಲಿನ ಸದ್ದೇ ಗಡಿಯಾರ. ಲೋಟ ಒಡೆದರೆ ಸಂಬಳದಲ್ಲಿ ಕಡಿತ, ಕೆಲವೊಮ್ಮೆ ಬೆನ್ನಿಗೊಂದು ಏಟು. ‘ಹೊಟ್ಟೆಗೆ ಕಡಿಮೆಯಾಗಲಿಲ್ಲ, ನಿದ್ದೆಗೆ ಕಡಿಮೆಯಾಯಿತು’ ಎಂದಷ್ಟೇ ಅವರು ಹೇಳುತ್ತಿದ್ದರು.

ಅವರ ಬದುಕನ್ನು ತಿರುಗಿಸಿದ್ದು ರಾತ್ರಿ ಶಾಲೆ. ಮುಂಬಯಿಯ ಕನ್ನಡ ಚರಿತ್ರೆಯಲ್ಲಿ ಹೋಟೆಲು ಮತ್ತು ರಾತ್ರಿ ಶಾಲೆ ಒಂದೇ ನಾಣ್ಯದ ಎರಡು ಮುಖಗಳು. ಕಳೆದ ಶತಮಾನದ ಮೊದಲ ದಶಕದಲ್ಲಿಯೇ ಮೊಗವೀರ ಸಮಾಜದವರು ರಾತ್ರಿ ಶಾಲೆಯನ್ನು ತೆರೆದಿದ್ದರು. ಅನಂತರ ಬೇರೆ ಬೇರೆ ಸಮಾಜಗಳೂ ಸಂಘಗಳೂ ಕೋಟೆ ಪ್ರದೇಶದಿಂದ ಉಪನಗರಗಳವರೆಗೆ ಈ ಕೆಲಸವನ್ನು ಕೈಗೆತ್ತಿಕೊಂಡವು. ಸಂಜೆಯ ಗಿರಾಕಿಗಳ ನಡುವೆಯೇ ಬಿಡುವು ಬೇಡಿ, ಮಸಾಲೆಯ ವಾಸನೆಯ ಅಂಗಿಯಲ್ಲಿಯೇ ಬಂದು ಬೆಂಚಿನ ಮೇಲೆ ತೂಕಡಿಸುವ ಹುಡುಗರು. ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಪಾಠ ಹೇಳುವ ಮೇಷ್ಟ್ರುಗಳು. ಈ ಶಾಲೆಗಳಿಂದ ಬ್ಯಾಂಕಿನ ನೌಕರರು, ವಕೀಲರು, ಲೆಕ್ಕಪರಿಶೋಧಕರು, ಬರಹಗಾರರು ಹೊರಬಂದರು. ಹುಡುಗನನ್ನು ಸಂಜೆ ಶಾಲೆಗೆ ಬಿಡುವ ಧಣಿಗಳೂ ಇದ್ದರು, ಬಿಡದವರೂ ಇದ್ದರು. ಮಾವನಿಗೆ ಮೊದಲನೆಯ ಹೋಟೆಲಿನಲ್ಲಿ ಬಿಡುವು ದೊರೆಯಲಿಲ್ಲ. ಹೋಟೆಲು ಬದಲಿಸಿದ ಮೇಲೆಯೇ ಅವರು ಮೆಟ್ರಿಕ್ ಮುಗಿಸಿ ಗುಮಾಸ್ತರಾದರು.

ನಡುವೆ ಕೆಟ್ಟ ದಿನಗಳೂ ಬಂದವು. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ಮೇಲಿನ ವರ್ಷಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಎದ್ದ ಚಳವಳಿಯ ಕಲ್ಲುಗಳು ಉಡುಪಿ ಹೋಟೆಲುಗಳ ಗಾಜಿನ ಮೇಲೂ ಬಿದ್ದವು. ವ್ಯಾಪಾರಕ್ಕೆ ಒದಗಿದ್ದ ‘ಮದ್ರಾಸಿ’ ಎಂಬ ಹೆಸರೇ ಆಗ ಬೈಗುಳವಾಯಿತು. ಷಟರ್ ಎಳೆದು ಒಳಗೆ ಕುಳಿತವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗರು. ಆದರೂ ಹೋಟೆಲುಗಳು ಊರು ಬಿಡಲಿಲ್ಲ. 1974ರಲ್ಲಿ ಕರ್ನಾಟಕದಲ್ಲಿ ಭೂಸುಧಾರಣೆ ಬಿಗಿಯಾಗಿ ಜಾರಿಗೆ ಬಂದಾಗ, ಗೇಣಿಯ ಭೂಮಿ ಕಳೆದುಕೊಂಡ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು, ಮುಖ್ಯವಾಗಿ ಬಂಟರು, ಇದೇ ದಾರಿಯನ್ನು ಹಿಡಿದು ಮುಂಬಯಿಗೆ ಬಂದರು. 1982ರ ಗಿರಣಿ ಮುಷ್ಕರದ ಅನಂತರ ಪರೇಲ್, ಲಾಲ್‌ಬಾಗ್‌ಗಳ ದುಡಿಯುವ ಗಿರಾಕಿ ಚದುರಿಹೋದ. ಇಡ್ಲಿಯ ಪಕ್ಕದಲ್ಲಿ ಪಾವ್‌ಭಾಜಿ, ಅದರ ಪಕ್ಕದಲ್ಲಿ ಚೀನೀ ನೂಡಲ್ಸ್ ಬಂದವು. ಕೆಲವು ಹೋಟೆಲುಗಳು ಬಾರುಗಳಾದವು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಬಾಂದ್ರಾಕ್ಕೆ ಬಂದಾಗ ಗೋಮಾಂಸವನ್ನು ಬಿಟ್ಟೇ ಬಂದಿತು, ಕಾಲಕ್ರಮದಲ್ಲಿ ಆಲೂ ಟಿಕ್ಕಿಯನ್ನೂ ಬನ್ನಿನ ನಡುವೆ ಇಟ್ಟಿತು. ಗಿರಾಕಿಯ ಭಾಷೆಗೆ ಬಗ್ಗಬೇಕೆಂಬ ಮಾಟುಂಗದ ಹಳೆಯ ಪಾಠವನ್ನು ಅದೂ ಕಲಿಯಬೇಕಾಯಿತು.

2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದನ್ನು ಕೇಂದ್ರ ಸರಕಾರ ನಿಷೇಧಿಸಿತು. ಅದಕ್ಕೆ ಮೊದಲೇ ಕರಾವಳಿಯಲ್ಲಿ ಶಾಲೆಗಳು ಹೆಚ್ಚಿ, ಮನೆಗಳಲ್ಲಿ ಮಕ್ಕಳು ಕಡಿಮೆಯಾಗಿ, ಹನ್ನೆರಡರ ಹುಡುಗನನ್ನು ಮುಂಬಯಿಗೆ ಕಳುಹಿಸುವ ಬಡತನ ಬಹುಮಟ್ಟಿಗೆ ಹಿಂಜರಿದಿತ್ತು. ಹುಡುಗರು ಬರುವುದು ನಿಂತಿತು. ಕನ್ನಡ ರಾತ್ರಿ ಶಾಲೆಗಳ ಬೆಂಚುಗಳು ಬರಿದಾದವು. ಈಗ ಮೇಜಿನ ಬಳಿ ಬರುವವರು ಹೆಚ್ಚಾಗಿ ಬೇರೆ ರಾಜ್ಯಗಳ ತರುಣರು. ಅಡಿಗೆಮನೆಗೆ ಕೂಗಿ ಹೇಳುವ ಭಾಷೆ ಹಿಂದಿಯಾಗಿದೆ. ನಮ್ಮ ಸಂಘಗಳ ಸಭೆಗಳಲ್ಲಿ ರಾತ್ರಿ ಶಾಲೆಗಳು ಮುಚ್ಚಿದ್ದಕ್ಕೆ ಮರುಗುವ ಭಾಷಣಗಳನ್ನು ನಾವು ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಆ ಬೆಂಚುಗಳು ತುಂಬಿದ್ದುದು ಮಕ್ಕಳು ಹಗಲಿಡೀ ದುಡಿಯುತ್ತಿದ್ದರಿಂದ. ಅವು ಬರಿದಾದದ್ದು ಕನ್ನಡಕ್ಕೆ ನಷ್ಟವಿರಬಹುದು, ಆ ಮಕ್ಕಳಿಗಲ್ಲ. ನಾವು ಹಂಬಲಿಸುವ ಕಾಲ ಮರಳಿ ಬರಬಾರದ ಕಾಲ. ಹಾಗೆಂದು ಅದು ಮರೆತುಹೋಗಬೇಕಾದ ಕಾಲವೂ ಅಲ್ಲ.

ಮಾವ ತೀರಿಕೊಳ್ಳುವ ಮುಂಚಿನ ವರ್ಷ ಅವರನ್ನು ಮಾಟುಂಗ ಸ್ಟೇಷನ್ನಿನ ಬಳಿಯ ರಾಮ ನಾಯಕರ ಬೋರ್ಡಿಂಗಿಗೆ ಕರೆದೊಯ್ದಿದ್ದೆವು. ಗಿರಾಕಿಗಳು ಅಡಿಗೆಮನೆಯನ್ನು ನೋಡಬಹುದು ಎಂಬ ಸಂಪ್ರದಾಯ ಅಲ್ಲಿನದು. ಬಾಳೆಯೆಲೆಯ ಊಟ ಮುಗಿದ ಮೇಲೆ ನೋಡೋಣವೇ ಎಂದು ಕೇಳಿದೆವು. ‘ನಾನು ನೋಡಿದ್ದೇನಲ್ಲ’ ಎಂದು ನಕ್ಕರು. ಮತ್ತೆ, ಮಾತನಾಡುತ್ತಲೇ, ಮೇಜಿನ ಮೇಲಿನ ಲೋಟಗಳನ್ನೂ ಬಟ್ಟಲುಗಳನ್ನೂ ಒಂದರೊಳಗೊಂದು ಸೇರಿಸಿ, ಒಯ್ಯುವವನ ಕೈಗೆ ಸುಲಭವಾಗುವಂತೆ ಅಂಚಿಗೆ ಸರಿಸಿಟ್ಟರು. ಐವತ್ತು ವರ್ಷಗಳ ಹಿಂದಿನ ಕೈ ಅದು. ಬಟ್ಟಲು ಎತ್ತಲು ಬಂದ ತರುಣನನ್ನು ಹಿಂದಿಯಲ್ಲಿ ಅವನ ಊರು ಯಾವುದೆಂದು ಕೇಳಿದರು, ಮಲಗಲು ಸ್ಥಳವಿದೆಯೇ ಎಂದು ಕೇಳಿದರು.

ಮಾಲೀಕರ ಸಾಹಸಗಳು ಅಭಿನಂದನ ಗ್ರಂಥಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಭದ್ರವಾಗಿವೆ. ಮಾಣಿಗಳಾಗಿದ್ದವರು ಈಗ ಎಪ್ಪತ್ತು ಎಂಬತ್ತರ ಹತ್ತಿರದಲ್ಲಿ ಡೊಂಬಿವಲಿ, ಮೀರಾರೋಡ್, ಭಾಂಡುಪ್‌ಗಳ ಮನೆಗಳಲ್ಲಿ ಮಕ್ಕಳು ಮೊಮ್ಮಕ್ಕಳ ಜೊತೆ ಇದ್ದಾರೆ. ಅವರನ್ನು ಕೇಳಿ ಬರೆದಿಡುವವರು ಬೇಕು: ಯಾವ ಹೋಟೆಲು, ಎಷ್ಟು ಸಂಬಳ, ಎಲ್ಲಿ ನಿದ್ದೆ, ಯಾವ ಶಾಲೆ, ಯಾವ ಮೇಷ್ಟ್ರು. ನಮ್ಮ ಮಾವನನ್ನು ನಾವು ಇದನ್ನೆಲ್ಲ ಕ್ರಮವಾಗಿ ಕೇಳಲಿಲ್ಲ. ಆ ತಪ್ಪು ನಮ್ಮದು. ನಿಮ್ಮ ಮನೆಗಳಲ್ಲಿ ಅಂಥ ಹಿರಿಯರಿದ್ದರೆ, ಮುಂದಿನ ಭಾನುವಾರ ಮಾಟುಂಗಕ್ಕೆ ಹೊರಡುವ ಮುನ್ನ ಒಂದು ಗಂಟೆ ಅವರ ಬಳಿ ಕುಳಿತುಕೊಳ್ಳಿ.