ಕಲಾಯಖಂಜವೂ ಮಣಿಕಟ್ಟಿನ ಯಂತ್ರವೂ

ರೋಗಿಯ ನಡೆಯನ್ನು ನೋಡಿ ವಾತವ್ಯಾಧಿಯನ್ನು ನಿರ್ಣಯಿಸುವ ಪದ್ಧತಿಯು ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯೂ ಮಾಧವನಿದಾನವೂ ಕಲಾಯಖಂಜನನ್ನು ವರ್ಣಿಸುವಾಗ, ಹೆಜ್ಜೆಯಿಡತೊಡಗಿದೊಡನೆ ನಡುಗುವುದು, ಕುಂಟನಂತೆ ಸಾಗುವುದು, ಸಂಧಿಬಂಧಗಳು ಸಡಿಲುವುದು ಎಂಬೀ ಲಕ್ಷಣಗಳನ್ನು ಹೇಳುತ್ತವೆ. ಇವುಗಳಲ್ಲಿ ಮೊದಲನೆಯದು ವಿಶೇಷವಾಗಿ ವಿಚಾರಾರ್ಹವಾಗಿದೆ. ಅದು ನಿಂತಿರುವಾಗಿನ ನಡುಕವಲ್ಲ, ಹೊರಡುವಾಗಿನ ನಡುಕ. ಮಂಚದ ಮೇಲೆ ಮಲಗಿಸಿ ನಾಡಿ ಹಿಡಿದವನಿಗೆ ಈ ಭೇದವು ತೋರದು. (ಕಲಾಯವೆಂದರೆ ಕಾಳು, ಕೇಸರಿಬೇಳೆಯನ್ನು ಬಹುಕಾಲ ತಿಂದವರಿಗೆ ಬರುವ ಕಾಲುಸೋಲೇ ಇದೆಂದು ಆಧುನಿಕರು ಹೇಳುವುದು ಯುಕ್ತವಾಗಿಯೇ ಇದೆ.)

ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ಕಂಪವಾತದ ಮೇಲೆ ಬರೆದ ಪ್ರಬಂಧದಲ್ಲಿ ಆರು ಮಂದಿಯ ವೃತ್ತಾಂತವಿದೆ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿಯೇ ಕಂಡನು. ಒಬ್ಬನನ್ನಂತೂ ದೂರದಿಂದ ನೋಡಿದುದಷ್ಟೆ. ಆಸ್ಪತ್ರೆಗಳು ಬೆಳೆದಂತೆ ಬೀದಿಯು ಮರೆಯಾಯಿತು. ಪ್ಯಾರಿಸಿನ ಶಾರ್ಕೋ ಎಂಬವನು ನಾಡಿಯನ್ನು ಗೆರೆಯಾಗಿ ಬರೆಯುವ ಯಂತ್ರದಿಂದ ನಡುಕವನ್ನೂ ಬರೆಯಿಸಿದನು. 1987ರ ಮಾನಪಟ್ಟಿಯು ಒಂದೊಂದು ಲಕ್ಷಣಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕವಿತ್ತಿತು. ಎರಡೂ ಅಳತೆಗಳೇ ಅಹುದು. ಆದರೆ ವೈದ್ಯನೆದುರಿನ ಕೆಲವು ನಿಮಿಷಗಳ ಅಳತೆಗಳು.

ಹಂಪಾಪುರದ ಸೀಮೆಯ ಕಂಪವಾತದ ರೋಗಿಯೊಬ್ಬನು ಬೆಂಗಳೂರಿನ ನಿಮ್ಹಾನ್ಸಿಗೆ (ಇದು 1974ರಲ್ಲಿ ಈ ಹೆಸರನ್ನು ತಾಳಿತು) ಹೋದನೆಂದು ಭಾವಿಸೋಣ. ಅವನು ಸೇವಿಸುವ ಲೆವೊಡೋಪಾ ಔಷಧದ ಗುಣವು ಗಂಟೆಗಂಟೆಗೂ ಏರಿಳಿಯುವುದುಂಟು. ನಮ್ಮ ನಸುಗುನ್ನಿಕಾಯಿಯ ಬೀಜದಲ್ಲಿಯೂ ಈ ದ್ರವ್ಯವೇ ಇರುವುದೆಂಬುದು 1937ರಲ್ಲಿ ಮದರಾಸಿನ ಸಂಶೋಧಕರಿಂದ ಸಿದ್ಧವಾಯಿತು. ವೈದ್ಯನ ಮುಂದೆ ಚೆನ್ನಾಗಿ ನಡೆದವನು ಊರ ಹೊಸ್ತಿಲಲ್ಲಿ ಕಾಲು ಕಿತ್ತಿಡಲಾರದೆ ನಿಂತುಬಿಡಬಹುದು.

ಈ ಅಂತರವನ್ನು ತುಂಬುವುದಕ್ಕೆಂದೇ ವೇಗೋತ್ಕರ್ಷವನ್ನಳೆಯುವ ಸಣ್ಣ ಯಂತ್ರಗಳನ್ನು ಮಣಿಕಟ್ಟಿಗೋ ಕಾಲ್ಗಂಟಿಗೋ ಕಟ್ಟಿ, ಹಗಲಿರುಳಿನ ಚಲನೆಯನ್ನು ದಾಖಲಿಸುವ ಕ್ರಮವು ಬಂದಿರುವುದು. ಡುಶೆನ್ ಸ್ನಾಯುಕ್ಷಯವುಳ್ಳ ಬಾಲಕರು ಮನೆಯಲ್ಲಿ ಇಡುವ ಅತಿ ವೇಗದ ಹೆಜ್ಜೆಗಳ ಅಳತೆಯನ್ನು ಐರೋಪ್ಯ ಔಷಧ ಸಂಸ್ಥೆಯು 2019ರಲ್ಲಿ ಔಷಧಪರೀಕ್ಷೆಗಳಿಗೆ ಗೌಣಪ್ರಮಾಣವಾಗಿಯೂ, 2023ರಲ್ಲಿ ಮುಖ್ಯಪ್ರಮಾಣವಾಗಿಯೂ ಅಂಗೀಕರಿಸಿತು. ಸುಶ್ರುತನು ಕಣ್ಣಿನಿಂದ ಹಿಡಿದುದನ್ನು ಈಗ ಅಂಕಿಯು ಹಿಡಿಯಿತೆಂದು ಹೇಳಬಹುದು.

ಆದರೂ ಅಂಕಿಯು ಕುರುಡು. ನೇಗಿಲಿನ ಮೇಣಿಯನ್ನು ಬಿಗಿಹಿಡಿದು ಹೊಲದುದ್ದ ನಡೆದವನ ಕೈ ಬೀಸುವುದಿಲ್ಲ; ಮಣಿಕಟ್ಟಿನ ಯಂತ್ರವು ಅವನ ಹೆಜ್ಜೆಗಳಲ್ಲಿ ಎಷ್ಟನ್ನೋ ಬಿಟ್ಟುಬಿಡುವುದು. ಕುಳಿತು ಹತ್ತಿ ಬಿಡಿಸುವವಳ ಕೈಯಾಟವನ್ನು ರೋಗದ ಕಂಪದಿಂದ ಬೇರ್ಪಡಿಸುವುದೂ ಸುಲಭವಲ್ಲ. ನಗರವಾಸಿಗಳ ನಡೆಯಿಂದ ರಚಿಸಿದ ಗಣಿತವನ್ನು ರಾಗಿಹೊಲಕ್ಕೆ ಹಾಗೆಯೇ ಅನ್ವಯಿಸುವುದು, ಒಂದು ದೇಶದ ಛಂದಸ್ಸಿನಿಂದ ಇನ್ನೊಂದು ದೇಶದ ಹಾಡಿಗೆ ಮಾತ್ರೆಯೆಣಿಸಿದಂತೆ. ಯಂತ್ರದ ಪಟ್ಟಿಯ ಪಕ್ಕದಲ್ಲಿ ಯಾವ ಹೊತ್ತಿನಲ್ಲಿ ಏನು ಕೆಲಸವೆಂಬುದನ್ನು ಮನೆಯವರು ಬರೆದಿಟ್ಟ ದಿನಚರಿಯೂ ಇದ್ದರೆ, ಉಳುಮೆಯ ವೇಳೆಯಲ್ಲಿ ಕುಗ್ಗಿದ ಅಂಕಿಯನ್ನು ವೈದ್ಯನು ರೋಗವೆಂದು ಓದಲಾರನು.