ಹತ್ತನೆಯ ನೌಕರ: ಸಣ್ಣ ಉದ್ಯಮ, ತಲೆಲೆಕ್ಕ ಮತ್ತು ಕಾರ್ಮಿಕ ಕಾನೂನು

ಒಂದೇ ಬೀದಿಯಲ್ಲಿ ಎರಡು ಬಟ್ಟೆ ಅಂಗಡಿಗಳಿವೆ ಎಂದಿಟ್ಟುಕೊಳ್ಳೋಣ. ವಹಿವಾಟು ಹೆಚ್ಚುಕಡಿಮೆ ಒಂದೇ, ಬಾಡಿಗೆಯೂ ಒಂದೇ. ಮೊದಲನೆಯದರಲ್ಲಿ ನೌಕರರ ಸಂಖ್ಯೆ ಎಂದೂ ಒಂಬತ್ತನ್ನು ದಾಟಿಲ್ಲ; ಎರಡನೆಯದರಲ್ಲಿ ಹತ್ತು ಮಂದಿ ಇದ್ದಾರೆ. ಮೊದಲನೆಯ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು ಹೊರಟವರಿಗೆ ಗ್ರಾಚ್ಯುಟಿ ಕೊಡಿ ಎಂದು ಕೇಳುವ ಶಾಸನಬದ್ಧ ಹಕ್ಕಿಲ್ಲ. ಎರಡನೆಯದರಲ್ಲಿ ಐದು ವರ್ಷ ತುಂಬಿಸಿದವರಿಗೂ ಅದು ಉಂಟು. ದುಡಿಮೆಯಲ್ಲಿ ವ್ಯತ್ಯಾಸವಿಲ್ಲ, ಪಕ್ಕದಲ್ಲಿ ನಿಂತು ದುಡಿಯುವವರ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ. ಭಾರತದ ಕಾರ್ಮಿಕ ಶಾಸನಗಳಲ್ಲಿ 10 ಮತ್ತು 20 ಎಂಬ ಎರಡು ಅಂಕಿಗಳು ಸಣ್ಣ ಉದ್ಯಮವನ್ನು ಹೇಗೆ ರೂಪಿಸಿವೆ, ಮಾಲೀಕನ ಹೊಣೆಯನ್ನೂ ನೌಕರನ ಹಕ್ಕನ್ನೂ ಅವು ಒಂದೇ ಗಂಟಿನಲ್ಲಿ ಕಟ್ಟಿರುವುದು ಎಷ್ಟು ಸರಿ ಎಂಬುದು ಈ ಲೇಖನದ ವಿಚಾರ.

ನೌಕರರ ರಾಜ್ಯ ವಿಮೆ, ಗ್ರಾಚ್ಯುಟಿ, ಅಂಗಡಿಗಳಿಗೆ ಅನ್ವಯಿಸುವ ಹೆರಿಗೆ ಸೌಲಭ್ಯ ಇವು ಹತ್ತರಿಂದ ಶುರುವಾಗುತ್ತವೆ. ಭವಿಷ್ಯ ನಿಧಿ ಮತ್ತು ಬೋನಸ್ ಇಪ್ಪತ್ತರಿಂದ. ಕನಿಷ್ಠ ವೇತನಕ್ಕೆ ಇಂಥ ಮಿತಿಯಿಲ್ಲ. ನಮ್ಮದೇ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ತಲೆ ಎಣಿಸುವುದಿಲ್ಲ. ಒಬ್ಬನೇ ನೌಕರನಿದ್ದರೂ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂಬ ಕಟ್ಟು ಅನ್ವಯಿಸುತ್ತದೆ. ಆರು ತಿಂಗಳ ಸೇವೆ ತುಂಬಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದಕ್ಕೆ ಬದಲಾಗಿ ಸಂಬಳವನ್ನೋ ಕೊಡದೆ ತೆಗೆದುಹಾಕುವಂತಿಲ್ಲ. ನೇಮಕಾತಿ ಪತ್ರ ಕೊಡಬೇಕೆಂಬ ನಿಯಮವನ್ನು ಹೊಸ ಕಾರ್ಮಿಕ ಸಂಹಿತೆಗಳ ಕೊಡುಗೆ ಎಂದು ಈಗ ಹೇಳಲಾಗುತ್ತಿದೆ; ಕರ್ನಾಟಕದ ಅಂಗಡಿಗಳಿಗೆ ಅದು ಹಳೆಯ ಕರ್ತವ್ಯವೇ. ಪಾಲನೆಯಾಗಲಿಲ್ಲ ಎಂಬುದು ಬೇರೆ ಮಾತು.

ಎಣಿಸುವುದು ಎಂದರೆ ಏನು? ಇದು ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. 1972ರ ಗ್ರಾಚ್ಯುಟಿ ಕಾಯ್ದೆ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಹತ್ತು ಮಂದಿ ಇದ್ದರೆ ಸಾಕು ಎಂದಿತು. ದೀಪಾವಳಿಯ ನೂಕುನುಗ್ಗಲಿಗೆಂದು ಇಬ್ಬರು ಹುಡುಗರನ್ನು ಸೇರಿಸಿಕೊಂಡ ವ್ಯಾಪಾರಿ ಆ ವಾರದಲ್ಲೇ ಹೊಸ್ತಿಲು ದಾಟಿರಬಹುದು. ಭವಿಷ್ಯ ನಿಧಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇಷ್ಟು ಬಿಗಿ ಹಿಡಿಯಲಿಲ್ಲ. ಗುಂಟೂರಿನ ಭವಿಷ್ಯ ನಿಧಿ ಇನ್‌ಸ್ಪೆಕ್ಟರ್ ಮತ್ತು ಟಿ.ಎಸ್. ಹರಿಹರನ್ ನಡುವಿನ 1971ರ ತೀರ್ಪಿನಲ್ಲಿ, ತುರ್ತಿಗೆಂದು ಕೆಲವೇ ದಿನ ಕರೆಸಿಕೊಂಡವರನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ, ವ್ಯವಹಾರದ ಸಹಜ ನಡೆಗೆ ಬೇಕಾದ ನೌಕರರನ್ನು ಎಣಿಸಬೇಕು ಎಂದಿತು. ಅಡಿಕೆ ಸುಲಿಗೆಯ ಕಾಲದಲ್ಲಿ, ಮದುವೆಯ ಹಂಗಾಮಿನಲ್ಲಿ ಜನರನ್ನು ಹೆಚ್ಚಿಸಿಕೊಂಡು ಮಳೆಗಾಲದಲ್ಲಿ ಇಳಿಸುವ ನಮ್ಮ ಕಸುಬುಗಳಿಗೆ ಈ ವಿವೇಚನೆ ಒಪ್ಪುವಂಥದು. ಆದರೆ ಒಂದೇ ಅಂಗಡಿಯ ಹಾಜರಿ ಪುಸ್ತಕವನ್ನು ಒಂದು ಕಾಯ್ದೆಗೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಓದಬೇಕಾದ ಪಾಡು ಮಾಲೀಕನದು.

ಹೊಸ್ತಿಲು ದಾಟಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಒಮ್ಮೆ ಅನ್ವಯವಾದ ಕಾಯ್ದೆ, ಸಂಖ್ಯೆ ಇಳಿದರೂ ಅನ್ವಯವಾಗಿಯೇ ಇರುತ್ತದೆ ಎಂಬ ಮಾತು ಗ್ರಾಚ್ಯುಟಿಯಲ್ಲೂ ಭವಿಷ್ಯ ನಿಧಿಯಲ್ಲೂ ಬೋನಸ್ಸಿನಲ್ಲೂ ಇದೆ. ರಾಜ್ಯ ವಿಮೆಗೆ ಅದು 1989ರ ಅಕ್ಟೋಬರ್ 20ರಿಂದ ಬಂತು. ಇದರ ಬಿಸಿ ಹೇಗಿರುತ್ತದೆ ಎಂಬುದಕ್ಕೆ ರಾಧಿಕಾ ಥಿಯೇಟರ್ ಪ್ರಕರಣ ಸಾಕ್ಷಿ. ವಾರಂಗಲ್‌ನ ಈ ಚಿತ್ರಮಂದಿರ 1981ರಿಂದ ನಡೆಯುತ್ತಿತ್ತು; 1989ರ ಸೆಪ್ಟೆಂಬರ್‌ವರೆಗೆ ವಿಮೆಯ ವಂತಿಗೆ ಕಟ್ಟಿತು. ಆಮೇಲೆ ನೌಕರರು ಅಂದಿನ ಮಿತಿಯಾದ ಇಪ್ಪತ್ತಕ್ಕಿಂತ ಕಡಿಮೆಯಾದರು, ಕಟ್ಟುವುದನ್ನು ನಿಲ್ಲಿಸಿತು. ವಿಮಾ ನಿಗಮದಿಂದ ಬೇಡಿಕೆ ನೋಟಿಸುಗಳು ಬಂದವು. ವಿಮಾ ನ್ಯಾಯಾಲಯದಲ್ಲಿ ಸೋತ ಚಿತ್ರಮಂದಿರ ಹೈಕೋರ್ಟಿನಲ್ಲಿ ಗೆದ್ದಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಸೋತಿತು. ತಿದ್ದುಪಡಿಗೆ ಮುಂಚೆಯೇ ಹುಟ್ಟಿದ ಸಂಸ್ಥೆಯಾದರೂ ತಿದ್ದುಪಡಿಯ ನಂತರದ ಅವಧಿಗೆ ಅದು ಬದ್ಧ, ಸಮಾಜ ಕಲ್ಯಾಣದ ಶಾಸನವನ್ನು ಉದಾರವಾಗಿ ಓದಬೇಕು ಎಂಬುದು ನ್ಯಾಯಾಲಯದ ನಿಲುವು.

ಈ ನಿಲುವನ್ನು ನಾನು ಒಪ್ಪುತ್ತೇನೆ. ಇಪ್ಪತ್ತೊಂದನ್ನು ಹತ್ತೊಂಬತ್ತು ಮಾಡಿ ನೌಕರರ ಚಿಕಿತ್ಸೆಯ ಹಕ್ಕನ್ನು ಅಳಿಸಬಹುದಾದರೆ ಕಾಯ್ದೆಗೆ ಅರ್ಥವೇ ಉಳಿಯುವುದಿಲ್ಲ. ಆದರೂ ಮೂವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಸಂಗತಿಯೊಂದು ಈಗ ಇತ್ಯರ್ಥವಾಗುವುದು ಸಣ್ಣ ಮಾಲೀಕನಿಗೆ ಕ್ರೂರವೇ. ಹೊಸ ಸಾಮಾಜಿಕ ಭದ್ರತಾ ಸಂಹಿತೆ ಭವಿಷ್ಯ ನಿಧಿಯ ಬಾಕಿ ನಿರ್ಧಾರದ ವಿಚಾರಣೆ ಆರಂಭಿಸಲು ಐದು ವರ್ಷದ ಗಡುವು ಹಾಕಿದೆ. ಹಳೆಯ ಕಾಯ್ದೆಯಲ್ಲಿ ಅಂಥ ಗಡುವೇ ಇರಲಿಲ್ಲ. ಸಣ್ಣ ಉದ್ಯಮಿಗಳ ಮಟ್ಟಿಗೆ ಸಂಹಿತೆಯ ನಿಜವಾದ ಉಪಕಾರ ಇದು.

ಸಂಖ್ಯೆಯನ್ನು ಒಡೆದು ಹೊಸ್ತಿಲಿನ ಈಚೆಗೇ ಉಳಿಯುವ ಯತ್ನ ನಮ್ಮ ಕರಾವಳಿಗೆ ಹೊಸದಲ್ಲ. ಬೀಡಿ ಕಟ್ಟುವ ಕೆಲಸವನ್ನು ಕಾರ್ಖಾನೆಯ ಸೂರಿನಿಂದ ಹೊರತಂದು, ಗುತ್ತಿಗೆದಾರರ ಕೈಯಿಂದ ಎಲೆ, ಸೊಪ್ಪು ಮನೆಮನೆಗೆ ಹಂಚಿದಾಗ ಕಾರ್ಖಾನೆ ಕಾಯ್ದೆಗೆ ಎಣಿಸಲು ಜನರೇ ಸಿಗಲಿಲ್ಲ. ಮನೆಯ ಜಗಲಿಯಲ್ಲಿ ಮೊರ ಹಿಡಿದು ಕುಳಿತ ಹೆಂಗಸು ಯಾರ ನೌಕರಳೂ ಅಲ್ಲ ಎಂದಾಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ತೂತನ್ನು ಮುಚ್ಚಿತು. ಮನೆಯಲ್ಲಿ ದುಡಿಯುವವರನ್ನೂ ಒಳಗೆ ತಂದು ಮೂಲ ಮಾಲೀಕನನ್ನು ಹೊಣೆ ಮಾಡಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ತಲೆ ಎಣಿಸದೆಯೂ ಹೊಣೆಯನ್ನು ನಿರ್ಧರಿಸಬಹುದು, ಯಾರ ಲಾಭಕ್ಕೆ ಕೆಲಸ ನಡೆಯುತ್ತದೆ ಎಂದು ನೋಡಿದರೆ ಸಾಕು ಎಂಬ ತಿಳಿವು ಅಲ್ಲಿದೆ.

ಕಲಬುರಗಿಯ ಪ್ರಕರಣ ಇದರ ಇನ್ನೊಂದು ಮುಖ. ಒಂದೇ ಸೊಸೈಟಿ ನಡೆಸುವ ಎರಡು ಕಲಾಶಿಕ್ಷಣ ಸಂಸ್ಥೆಗಳು. ಪ್ರತ್ಯೇಕವಾಗಿ ನೋಡಿದರೆ ಯಾವುದೂ ಇಪ್ಪತ್ತನ್ನು ಮುಟ್ಟುವುದಿಲ್ಲ, ಕೂಡಿಸಿದರೆ 26. ಮಾತೋಶ್ರೀ ಮಾಣಿಕಬಾಯಿ ಕೊಠಾರಿ ದೃಶ್ಯಕಲಾ ಕಾಲೇಜು ಹೂಡಿದ ಮೇಲ್ಮನವಿಯಲ್ಲಿ, ಆಡಳಿತವೂ ಹಣಕಾಸೂ ಹೆಣೆದುಕೊಂಡಿರುವ ಈ ಎರಡನ್ನು ಒಂದೇ ಸಂಸ್ಥೆ ಎಂದು ಎಣಿಸಿ ಭವಿಷ್ಯ ನಿಧಿ ವಿಧಿಸಿದ್ದು ಸರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಣ್ಣನ ಹೆಸರಲ್ಲಿ ಒಂದು ಲೈಸೆನ್ಸು, ತಮ್ಮನ ಹೆಸರಲ್ಲಿ ಇನ್ನೊಂದು, ಗಲ್ಲಾಪೆಟ್ಟಿಗೆ ಮಾತ್ರ ಒಂದೇ ಎಂಬಂತೆ ನಡೆಯುವ ಕುಟುಂಬ ವ್ಯಾಪಾರಗಳು ಈ ತೀರ್ಪನ್ನು ಗಮನವಿಟ್ಟು ಓದಬೇಕು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಕೇಂದ್ರ ಕಾನೂನುಗಳ ಜಾಗವನ್ನು ತೆಗೆದುಕೊಂಡವು. ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ ಹತ್ತು ಮಂದಿ ಇದ್ದರೆ ಸಾಕಾಗುತ್ತಿತ್ತು. ಈಗ ಇಪ್ಪತ್ತು ಬೇಕು. ಪೀಣ್ಯದಲ್ಲಿ ಹನ್ನೆರಡು ಜನರಿಂದ ಲೇತ್ ಓಡಿಸುವ ವರ್ಕ್‌ಶಾಪು ಇನ್ನು ಕಾರ್ಖಾನೆಯಲ್ಲ. ಆದರೆ ಸುರಕ್ಷತಾ ಸಂಹಿತೆ ಹತ್ತು ಕಾರ್ಮಿಕರಿರುವ ಸಂಸ್ಥೆಗಳಿಗೂ ಅನ್ವಯಿಸುವುದರಿಂದ ಹೊಣೆ ಪೂರ್ತಿ ಇಳಿಯಿತೆಂದು ಭಾವಿಸಿದರೆ ತಪ್ಪಾಗುತ್ತದೆ. ಗ್ರಾಚ್ಯುಟಿಯ ಹತ್ತು, ಭವಿಷ್ಯ ನಿಧಿಯ ಇಪ್ಪತ್ತು ಹಾಗೇ ಉಳಿದಿವೆ. ಮಾಲೀಕರು ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ವೇತನದ ಹೊಸ ವ್ಯಾಖ್ಯೆಯನ್ನು. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ತಿಂಗಳಿಗೆ ₹40,000 ಪಡೆಯುವ ಹಿರಿಯ ಗುಮಾಸ್ತರೊಬ್ಬರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹16,000 ಎಂದು ತೋರಿಸಿದ್ದರೆ, ತಿಂಗಳ ವೇತನವನ್ನು 26ರಿಂದ ಭಾಗಿಸಿ ವರ್ಷಕ್ಕೆ ಹದಿನೈದು ದಿನದ ವೇತನ ಲೆಕ್ಕ ಹಾಕುವ ಸೂತ್ರದಂತೆ ಇಪ್ಪತ್ತು ವರ್ಷದ ಸೇವೆಗೆ ಹಳೆಯ ಲೆಕ್ಕದಲ್ಲಿ ಬರುತ್ತಿದ್ದದ್ದು ಸುಮಾರು ₹1,84,615. ವೇತನವನ್ನು ₹20,000 ಎಂದು ಹಿಡಿದರೆ ಅದು ₹2,30,769 ಆಗುತ್ತದೆ. ಸಂಬಳವನ್ನು ಭತ್ಯೆಗಳಾಗಿ ಸೀಳಿ ಮುಂದಿನ ಹೊರೆಯನ್ನು ಹಗುರ ಮಾಡಿಕೊಳ್ಳುತ್ತಿದ್ದ ಪದ್ಧತಿಗೆ ಇದು ತಡೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಲ್ಲುವುದೂ ದೊಡ್ಡ ಬದಲಾವಣೆಯೇ.

ಹತ್ತು ಎಂಬುದು ಯಾವಾಗಲೂ ಹೊರೆಯಲ್ಲ. 2021ರ ಜನವರಿಯ ಅಧಿಸೂಚನೆಯಂತೆ ಕರ್ನಾಟಕದಲ್ಲಿ ದಿನದ 24 ಗಂಟೆಯೂ ಬಾಗಿಲು ತೆರೆದಿಡುವ ಅನುಮತಿ ಸಿಕ್ಕಿದ್ದು ಹತ್ತು ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ಪಾಳಿ ಬದಲಿಸಲು ಜನವಿಲ್ಲದ ಕಡೆ ರಾತ್ರಿಯಿಡೀ ಅಂಗಡಿ ತೆರೆದರೆ ಅದೇ ನಾಲ್ಕು ಜನ ಸವೆದುಹೋಗುತ್ತಾರೆ. ಇಲ್ಲಿ ಸಂಖ್ಯೆಗೂ ಉದ್ದೇಶಕ್ಕೂ ನೇರ ಸಂಬಂಧವಿದೆ.

ಗ್ರಾಚ್ಯುಟಿಯಲ್ಲಿ ಆ ಸಂಬಂಧ ನನಗೆ ಕಾಣುವುದಿಲ್ಲ. ಅದೇ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ನೋಡಿ. ಹತ್ತು ಮಂದಿ ಇರುವಲ್ಲಿ ಮಾಲೀಕನೇ ಆಂತರಿಕ ಸಮಿತಿ ರಚಿಸಬೇಕು, ತಪ್ಪಿದರೆ ₹50,000ದವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ ಮಹಿಳೆಯ ಹಕ್ಕು ಇಲ್ಲವಾಗುವುದಿಲ್ಲ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಸಂಖ್ಯೆ ಅಲ್ಲಿ ಹೊಣೆ ಹೊರುವವರನ್ನಷ್ಟೇ ಬದಲಿಸುತ್ತದೆ. ಕಡತಗಳ ಹೊರೆಯನ್ನು ಬೇರೆಯಾಗಿಯೇ ಇಳಿಸಬಹುದು ಎಂಬುದಕ್ಕೆ 1988ರ ಕೇಂದ್ರ ಕಾಯ್ದೆಯೊಂದು ನಿದರ್ಶನ. ರಿಟರ್ನ್ಸ್ ಮತ್ತು ರಿಜಿಸ್ಟರುಗಳಲ್ಲಿ ಅದು ಕೊಟ್ಟ ರಿಯಾಯಿತಿಯನ್ನು 2014ರ ತಿದ್ದುಪಡಿ ನಲವತ್ತು ನೌಕರರವರೆಗಿನ ಸಂಸ್ಥೆಗಳಿಗೆ ವಿಸ್ತರಿಸಿತು. ರಿಯಾಯಿತಿ ಸಿಕ್ಕಿದ್ದು ಕಾಗದಕ್ಕೆ. ಸಂಬಳದಲ್ಲಿ ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಒಂಬತ್ತು ಜನರ ಅಂಗಡಿಯ ಮಾಲೀಕ ಒಮ್ಮೆಗೇ ಎರಡು ಲಕ್ಷ ಎಣಿಸಿಕೊಡಲಾರ, ನಿಜ. ಆ ಕಷ್ಟಕ್ಕೆ ಉಪಾಯಗಳು ನಮ್ಮಲ್ಲೇ ಇವೆ. 1996ರ ಕಾನೂನಿನಡಿ ಕಟ್ಟಡ ಕಾರ್ಮಿಕರಿಗೆ ನಿರ್ಮಾಣ ವೆಚ್ಚದ ಶೇ. 1ರಿಂದ 2ರವರೆಗಿನ ಸೆಸ್‌ನಿಂದ ನಿಧಿ ಕಟ್ಟಿದ್ದೇವೆ. ಮೇಸ್ತ್ರಿಯ ಕೆಳಗೆ ಎಷ್ಟು ಜನರಿದ್ದರು ಎಂದು ಆ ಮಂಡಳಿ ಫಲಾನುಭವಿಯನ್ನು ಕೇಳುವುದಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ತಂದು, ವರ್ಷವರ್ಷವೂ ಕಂತು ಕಟ್ಟಿ ಈ ಹೊಣೆಯನ್ನು ತೀರಿಸುವ ದಾರಿ ತೋರಿಸಿದೆ. ಹತ್ತು ಜನರ ಅಂಗಡಿಗೆ ಕಡ್ಡಾಯವಾದ ಆ ಕಂತು ಒಂಬತ್ತು ಜನರ ಅಂಗಡಿಗೂ ಎಟುಕುವಂತೆ, ಹಲವು ಅಂಗಡಿಗಳು ಕೂಡಿ ಕಟ್ಟುವ ಗುಂಪು ವಿಮೆ ಏಕಾಗಬಾರದು? ಅಂಗಡಿ ಕಾಯ್ದೆಯ ನೋಂದಣಿ ಅರ್ಜಿಯಲ್ಲಿ ನೌಕರರ ಸಂಖ್ಯೆಯನ್ನು ಮಾಲೀಕರು ಈಗಾಗಲೇ ಬರೆದುಕೊಡುತ್ತಿದ್ದಾರೆ. ಎಲ್ಲೆಲ್ಲಿ ಒಂಬತ್ತು ಮಂದಿ, ಎಲ್ಲೆಲ್ಲಿ ನಾಲ್ಕು ಮಂದಿ ಇದ್ದಾರೆ ಎಂಬ ಲೆಕ್ಕ ಕಾರ್ಮಿಕ ಇಲಾಖೆಯ ಕಡತಗಳಲ್ಲೇ ಇದೆ.